ಬ್ಯಾರಿಟೋನ್ ಗಿಟಾರ್: ಆಳದ ದನಿ ಎಲ್ಲಿಂದ ಬರುತ್ತದೆ, ಅದರ ಮರ ಎಲ್ಲಿಂದ ಬರಬೇಕು

ಗಿಟಾರ್ ಬಲ್ಲವರ ಕೈಗೆ ಮೊದಲ ಸಲ ಬ್ಯಾರಿಟೋನ್ ಗಿಟಾರ್ ಸಿಕ್ಕಾಗ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಬೆರಳು ಇಟ್ಟಿದ್ದು ಜಿ ಕಾರ್ಡ್‌ಗೆ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಕೇಳಿಸಿದ್ದು ಡಿ ಕಾರ್ಡ್. ಅದೂ ಎಲ್ಲೋ ಕೆಳಗಿನಿಂದ, ಎದೆಯ ಹತ್ತಿರದಿಂದ ಬಂದ ಹಾಗೆ. ಕೈಗೆ ಗೊತ್ತಿರುವುದೆಲ್ಲ ಹಾಗೇ ಇದೆ, ಕಿವಿಗೆ ಮಾತ್ರ ಬೇರೆಯೇ ವಾದ್ಯ.

ಇಂಥ ಗಿಟಾರ್ ಕೊಳ್ಳಲು ಹೊರಟವರ ಮುಂದೆ ಇನ್ನೊಂದು ವಿಷಯವೂ ಬರುತ್ತದೆ. ಒಳ್ಳೆಯ ದರ್ಜೆಯ ಅಕೂಸ್ಟಿಕ್ ಗಿಟಾರ್‌ಗಳ ವಿವರದಲ್ಲಿ ಈಗ ಮರದ ಹೆಸರಿನ ಪಕ್ಕದಲ್ಲೇ ಅದು ಎಲ್ಲಿಂದ ಬಂತು, ಹೇಗೆ ಕಡಿದರು ಎಂಬ ಮಾತೂ ಇರುತ್ತದೆ. 'ಸುಸ್ಥಿರ ಮೂಲದ ಟೋನ್‌ವುಡ್' ಎಂದು ಬರೆದಿರುತ್ತಾರೆ. ಹಾಗೆಂದರೇನು? ಅದಕ್ಕೂ ದನಿಗೂ ಸಂಬಂಧ ಇದೆಯಾ? ಇದನ್ನು ತಿಳಿಯಲು ಮೊದಲು ತಂತಿಯಿಂದ ಶುರು ಮಾಡಬೇಕು.

ಎಷ್ಟು ತಗ್ಗು?

ಪಾಶ್ಚಾತ್ಯ ಸಂಗೀತದಲ್ಲಿ ಗಂಡಸರ ದನಿಯನ್ನು ಮೂರು ಬಗೆಯಾಗಿ ಹೇಳುತ್ತಾರೆ. ಎತ್ತರದ್ದು ಟೆನರ್, ತೀರಾ ತಗ್ಗಿನದು ಬೇಸ್, ನಡುವಿನದು ಬ್ಯಾರಿಟೋನ್. ಗಿಟಾರ್ ಕುಟುಂಬದಲ್ಲೂ ಬ್ಯಾರಿಟೋನ್‌ನ ಜಾಗ ಹೀಗೇ ನಡುವೆ.

ಮಾಮೂಲಿ ಗಿಟಾರ್‌ನ ದಪ್ಪ ತಂತಿ 'ಇ' ಸ್ವರಕ್ಕೆ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಗಿಟಾರ್‌ನದು ಅದರ ಅರ್ಧ, ಸುಮಾರು 41. ಬ್ಯಾರಿಟೋನ್‌ನ ದಪ್ಪ ತಂತಿಯನ್ನು ಸಾಮಾನ್ಯವಾಗಿ 'ಬಿ' ಸ್ವರಕ್ಕೆ ಕೂಡಿಸುತ್ತಾರೆ. ಅದು ಸುಮಾರು 62. ಕೆಲವರು ಇನ್ನೂ ಇಳಿದು 'ಎ' ಸ್ವರಕ್ಕೆ, ಅಂದರೆ 55ಕ್ಕೆ ಇಡುತ್ತಾರೆ.

ನಮ್ಮ ಸ್ವರಗಳ ಲೆಕ್ಕದಲ್ಲಿ ಹೇಳುವುದಾದರೆ ಸುಲಭ. ಮಾಮೂಲಿ ಗಿಟಾರ್ ಷಡ್ಜದಲ್ಲಿದೆ ಎಂದುಕೊಂಡರೆ, ಬ್ಯಾರಿಟೋನ್ ಮಂದ್ರ ಪಂಚಮಕ್ಕೆ ಇಳಿದಿರುತ್ತದೆ. ಆರೂ ತಂತಿಗಳು ಒಂದೇ ಅಳತೆಯಲ್ಲಿ ಇಳಿದಿರುವುದರಿಂದ ತಂತಿಗಳ ನಡುವಿನ ಅಂತರ ಬದಲಾಗುವುದಿಲ್ಲ. ಕಲಿತ ಕಾರ್ಡ್‌ಗಳ ಬೆರಳಿನ ಆಕಾರವೂ ಬದಲಾಗುವುದಿಲ್ಲ. ಕತ್ತಿನ ಮೇಲಿನ ಅಡ್ಡ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ; ಐದನೇ ಫ್ರೆಟ್ಟಿಗೆ ಕ್ಯಾಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿದರೆ ಮತ್ತೆ ಮಾಮೂಲಿ ಶ್ರುತಿ ಸಿಗುತ್ತದೆ.

ಹಾಡುವವರಿಗೆ ಇದರ ಉಪಯೋಗ ಜಾಸ್ತಿ. ತಮ್ಮ ದನಿ ತಗ್ಗಿನದು, ಮೂಲ ಶ್ರುತಿ ನಿಲುಕುವುದಿಲ್ಲ ಎನ್ನುವವರು ಗೊತ್ತಿರುವ ಬೆರಳಿನ ಜಾಗ ಬಿಡದೆ ಹಾಡನ್ನು ಕೆಳಗಿಳಿಸಬಹುದು. ಇಬ್ಬರು ಗಿಟಾರ್ ನುಡಿಸುವಾಗಲೂ ಒಬ್ಬರು ಬ್ಯಾರಿಟೋನ್ ಹಿಡಿದರೆ ಒಂದು ದನಿ ಇನ್ನೊಂದರ ಮೇಲೆ ಬೀಳುವುದಿಲ್ಲ.

ಒಂದು ತೊಡಕಿದೆ. ತಗ್ಗು ಸ್ವರಗಳು ಹತ್ತಿರ ಹತ್ತಿರ ಕೂಡಿದರೆ ಕಾರ್ಡ್ ಕಲಸಿದ ಹಾಗೆ ಕೇಳುತ್ತದೆ. ಇದಕ್ಕೆ ಚಂದದ ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಗಿಟಾರ್ ವಾದಕ ಪ್ಯಾಟ್ ಮೆಥೆನಿ, ಕೆನಡಾದ ಲಿಂಡಾ ಮ್ಯಾನ್ಝರ್ ಕಟ್ಟಿದ ಬ್ಯಾರಿಟೋನ್‌ನಲ್ಲಿ ನಡುವಿನ ಎರಡು ತಂತಿಗಳನ್ನು ಒಂದು ಸ್ಥಾಯಿ ಮೇಲಕ್ಕೆ ಕೂಡಿಸಿ ನುಡಿಸಿದರು. ಅಮೆರಿಕದ ಗಿಟಾರ್ ತಯಾರಕ ಟೇಲರ್ ಕಂಪನಿಯ ಎಂಟು ತಂತಿಯ ಬ್ಯಾರಿಟೋನ್‌ನಲ್ಲಿ ಮೂರನೆಯ ಮತ್ತು ನಾಲ್ಕನೆಯ ತಂತಿಗಳ ಪಕ್ಕದಲ್ಲಿ ಒಂದೊಂದು ಸಣ್ಣ ತಂತಿ ಇರುತ್ತದೆ, ಅದೂ ಒಂದು ಸ್ಥಾಯಿ ಮೇಲಿನದು. ತಳದ ಭಾರ ಉಳಿಯುತ್ತದೆ, ನಡುವೆ ಬೆಳಕು ಬಿದ್ದ ಹಾಗಾಗುತ್ತದೆ.

ಇರುವ ಗಿಟಾರ್‌ನ ತಂತಿಯನ್ನೇ ಸಡಿಲಿಸಿದರೆ ಆಗದೇ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ 17ನೇ ಶತಮಾನದಲ್ಲೇ ಸಿಕ್ಕಿದೆ. ಫ್ರಾನ್ಸಿನ ಮರಿನ್ ಮರ್ಸೆನ್ 1636ರಲ್ಲಿ ತಂತಿಯ ನಿಯಮಗಳನ್ನು ಪ್ರಕಟಿಸಿದರು. ತಂತಿಯ ಸ್ವರ ಮೂರು ಸಂಗತಿಗಳ ಮೇಲೆ ನಿಂತಿದೆ: ಉದ್ದ, ಬಿಗಿತ, ತೂಕ. ಉದ್ದ ಹೆಚ್ಚಿದರೆ ಸ್ವರ ಇಳಿಯುತ್ತದೆ. ಬಿಗಿತ ಕಡಿಮೆಯಾದರೆ ಇಳಿಯುತ್ತದೆ. ತೂಕ ಹೆಚ್ಚಿದರೂ ಇಳಿಯುತ್ತದೆ.

ಈಗ ಲೆಕ್ಕ ಹಾಕೋಣ. ಷಡ್ಜದಿಂದ ಮಂದ್ರ ಪಂಚಮಕ್ಕೆ ಇಳಿಯುವುದು ಎಂದರೆ ಕಂಪನ ನಾಲ್ಕರಲ್ಲಿ ಮೂರು ಪಾಲಿಗೆ ಬರುವುದು. ಇದನ್ನು ಬರೀ ಸಡಿಲಿಸಿ ಸಾಧಿಸಿದರೆ ಬಿಗಿತ ಹದಿನಾರರಲ್ಲಿ ಒಂಬತ್ತು ಪಾಲು ಮಾತ್ರ ಉಳಿಯುತ್ತದೆ. ಅಂದರೆ 56 ಪರ್ಸೆಂಟ್. ತಂತಿ ಜೋತು ಬಿದ್ದು ಫ್ರೆಟ್ಟಿಗೆ ಬಡಿಯುತ್ತದೆ. ಸ್ವರ ಒಂದೆಡೆ ನಿಲ್ಲುವುದಿಲ್ಲ.

ಹಾಗಾದರೆ ಬರೀ ಉದ್ದ ಮಾಡಿದರೆ? ಕತ್ತಿನ ತುದಿಯ ನಟ್‌ನಿಂದ ಪೆಟ್ಟಿಗೆಯ ಮೇಲಿನ ಬ್ರಿಡ್ಜ್‌ವರೆಗೆ ಕಂಪಿಸುವ ತಂತಿಯ ಉದ್ದಕ್ಕೆ 'ಸ್ಕೇಲ್' ಎನ್ನುತ್ತಾರೆ. ಮಾಮೂಲಿ ಗಿಟಾರ್‌ನಲ್ಲಿ ಅದು ಸುಮಾರು 25.5 ಇಂಚು. ಬಿಗಿತ ಮತ್ತು ತೂಕ ಹಾಗೇ ಇಟ್ಟು ಇದೇ ಇಳಿಕೆ ಬೇಕೆಂದರೆ 34 ಇಂಚು ಬೇಕು. ಅದು ಬೇಸ್ ಗಿಟಾರ್‌ನ ಉದ್ದ! ಕಾರ್ಡ್ ಹಿಡಿಯಲು ಬೆರಳು ಸಾಲುವುದಿಲ್ಲ.

ಬರೀ ತಂತಿ ದಪ್ಪ ಮಾಡಿದರೆ? ತೀರಾ ದಪ್ಪಗಿನ ತಂತಿ ಅಷ್ಟು ಗಿಡ್ಡ ಉದ್ದದಲ್ಲಿ ಸರಿಯಾಗಿ ಬಾಗುವುದಿಲ್ಲ. ಅರ್ಧ ಸರಳಿನ ಹಾಗೆ ವರ್ತಿಸುತ್ತದೆ. ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳು ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲೆ ಹೋಗುತ್ತವೆ. ದನಿ ಮಂಕಾಗುತ್ತದೆ.

ಹಾಗಾಗಿ ಕಟ್ಟುವವರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾರೆ. ಬ್ಯಾರಿಟೋನ್‌ನ ಸ್ಕೇಲ್ ಸಾಮಾನ್ಯವಾಗಿ 27ರಿಂದ 30 ಇಂಚಿನೊಳಗೆ ಇರುತ್ತದೆ. 27 ಇಂಚು ಹಿಡಿದು, ಬಿಗಿತ ಮೊದಲಿನಷ್ಟೇ ಇರಲಿ ಎಂದು ಮರ್ಸೆನ್ ನಿಯಮ ಹಾಕಿ ನೋಡಿ. ತಂತಿ ಸುಮಾರು 1.26 ಪಟ್ಟು ದಪ್ಪ ಇರಬೇಕು ಎಂದು ಬರುತ್ತದೆ. ಮಾಮೂಲಿ ಸೆಟ್ 12–53, ಅಂದರೆ ಇಂಚಿನ ಸಾವಿರದ ಲೆಕ್ಕದಲ್ಲಿ ಸಣ್ಣ ತಂತಿ 12, ದಪ್ಪ ತಂತಿ 53. ಗುಣಿಸಿದರೆ 15 ಮತ್ತು 67. ಅಂಗಡಿಯಲ್ಲಿ ಸಿಗುವ ಬ್ಯಾರಿಟೋನ್ ಸೆಟ್ 16–70! ಸುಮಾರು ನಾಲ್ಕು ಶತಮಾನದ ಹಿಂದಿನ ಸೂತ್ರ ಇವತ್ತಿನ ತಂತಿಯ ಪೊಟ್ಟಣದ ಮೇಲಿನ ಸಂಖ್ಯೆಗೆ ಇಷ್ಟು ಹತ್ತಿರ ಬಂದು ನಿಲ್ಲುವುದನ್ನು ನೋಡಿದರೆ ಪ್ರತಿ ಸಲವೂ ನನಗೆ ಖುಷಿಯಾಗುತ್ತದೆ.

ಬೆರಳಿಗೆ ಎಷ್ಟು ಕಷ್ಟ? ನಟ್‌ನಿಂದ ಮೊದಲ ಫ್ರೆಟ್ಟಿನವರೆಗಿನ ಅಂತರ 36 ಮಿಲಿಮೀಟರ್ ಚಿಲ್ಲರೆಯಿಂದ 38 ಚಿಲ್ಲರೆಗೆ ಏರುತ್ತದೆ. ಎರಡು ಮಿಲಿಮೀಟರ್ ಅಷ್ಟೇ. ಕೆಲವು ದಿನಗಳಲ್ಲಿ ಕೈ ಹೊಂದಿಕೊಳ್ಳುತ್ತದೆ.

ಪೆಟ್ಟಿಗೆಯೊಳಗಿನ ಗಾಳಿ, ತಲೆಯೊಳಗಿನ ಸ್ವರ

ತಂತಿ ತಾನೊಂದೇ ಹೆಚ್ಚು ಸದ್ದು ಮಾಡಲಾರದು. ಅದು ಬ್ರಿಡ್ಜ್ ಮೂಲಕ ಮೇಲಿನ ಹಲಗೆಯನ್ನು ಅಲುಗಿಸುತ್ತದೆ, ಹಲಗೆ ಗಾಳಿಯನ್ನು ಅಲುಗಿಸುತ್ತದೆ. ಪೆಟ್ಟಿಗೆಯೊಳಗಿನ ಗಾಳಿಗೂ ತನ್ನದೇ ಸ್ವರ ಇದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ 'ಊಂ' ಎನ್ನುತ್ತದಲ್ಲ, ಅದೇ. ಸಾಮಾನ್ಯ ಗಾತ್ರದ ಗಿಟಾರ್‌ನಲ್ಲಿ ಈ ಗಾಳಿಯ ಸ್ವರ ಸೆಕೆಂಡಿಗೆ ಸುಮಾರು 100 ಕಂಪನದ ಆಸುಪಾಸಿನಲ್ಲಿರುತ್ತದೆ.

ಬ್ಯಾರಿಟೋನ್‌ನ ತಗ್ಗು ಸ್ವರ 62. ಅಂದರೆ ಪೆಟ್ಟಿಗೆ ಸಲೀಸಾಗಿ ನುಡಿಯಬಲ್ಲ ಜಾಗಕ್ಕಿಂತ ಎಷ್ಟೋ ಕೆಳಗೆ. ಅದಕ್ಕೇ ಬಹಳಷ್ಟು ಬ್ಯಾರಿಟೋನ್‌ಗಳ ಪೆಟ್ಟಿಗೆ ದೊಡ್ಡದು, ಆಳವಾದದ್ದು. ಒಳಗೆ ಗಾಳಿ ಹೆಚ್ಚಿದಷ್ಟೂ ಅದರ ಸ್ವರ ತಗ್ಗುತ್ತದೆ. ಆದರೂ 62ರವರೆಗೆ ಇಳಿಸಲು ಆಗುವುದಿಲ್ಲ. ಅಷ್ಟು ದೊಡ್ಡ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಡಲಾಗದು.

ಮತ್ತೆ ಆ ಆಳದ ದನಿ ಹೇಗೆ ಕೇಳಿಸುತ್ತದೆ? ಉತ್ತರ ನಮ್ಮ ಮಿದುಳಿನಲ್ಲಿದೆ. ಒಂದು ತಂತಿ ಮೀಟಿದಾಗ 62 ಒಂದೇ ಹುಟ್ಟುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು, ಅಂದರೆ 123, 185, 247 ಎಲ್ಲ ಒಟ್ಟಿಗೆ ಹುಟ್ಟುತ್ತವೆ. ಇವುಗಳ ನಡುವಿನ ಅಂತರ ಗುರುತಿಸಿ ಮಿದುಳು 'ಇದರ ಬುಡ 62' ಎಂದು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಟೆಲಿಫೋನ್ ಲೈನ್‌ಗಳು 300 ಕಂಪನಕ್ಕಿಂತ ಕೆಳಗಿನದನ್ನು ಸಾಗಿಸುತ್ತಲೇ ಇರಲಿಲ್ಲ. ಆದರೂ ಅಪ್ಪನ ದಪ್ಪ ದನಿ ದಪ್ಪಗೇ ಕೇಳುತ್ತಿತ್ತು ಅಲ್ವಾ? ಅದೇ ಕಾರಣ.

ಒಳ್ಳೆಯ ಬ್ಯಾರಿಟೋನ್ ಎಂದರೆ ಬರೀ 'ಗುಂ' ಎನ್ನುವ ವಾದ್ಯ ಅಲ್ಲ. ಈ ಮೇಲಿನ ಉಪಸ್ವರಗಳನ್ನು ಸ್ಪಷ್ಟವಾಗಿ ಕೊಡುವ ವಾದ್ಯ. ಮರದ ಮಾತು ಇಲ್ಲಿಂದ ಶುರುವಾಗುತ್ತದೆ.

ಟೋನ್‌ವುಡ್ ಎಂದರೆ

ವಾದ್ಯ ಕಟ್ಟಲು ಒಗ್ಗುವ ಮರಕ್ಕೆ ಟೋನ್‌ವುಡ್ ಎನ್ನುತ್ತಾರೆ. ಅದು ಒಂದು ಮರದ ಜಾತಿ ಅಲ್ಲ. ಗಿಟಾರ್‌ನ ಒಂದೊಂದು ಭಾಗಕ್ಕೂ ಬೇರೆ ಬೇರೆ ಗುಣ ಬೇಕು.

ಎಲ್ಲಕ್ಕಿಂತ ಮುಖ್ಯ ಮೇಲಿನ ಹಲಗೆ. ದಪ್ಪ ಬರೀ ಮೂರು ಮಿಲಿಮೀಟರ್ ಆಸುಪಾಸು. ಆರು ತಂತಿಗಳು ಸೇರಿ ಸುಮಾರು 70 ಕೆಜಿ ಬಲದಿಂದ ಎಳೆಯುತ್ತಿರುತ್ತವೆ. ಅದನ್ನು ತಡೆಯುವಷ್ಟು ಗಟ್ಟಿ ಇರಬೇಕು, ಬೆರಳ ತುದಿಯ ಮೀಟಿಗೆ ಅಲುಗುವಷ್ಟು ಹಗುರವೂ ಇರಬೇಕು. ಈ ಎರಡೂ ಒಟ್ಟಿಗೆ ಸಿಗುವುದು ಸ್ಪ್ರೂಸ್ ಮರದಲ್ಲಿ. ಒಂದು ಘನ ಮೀಟರ್ ಸ್ಪ್ರೂಸ್ ಸುಮಾರು 400ರಿಂದ 450 ಕೆಜಿ ತೂಗುತ್ತದೆ. ಬೀಟೆ ಮರ ಅದರ ಸುಮಾರು ಎರಡು ಪಟ್ಟು. ಸ್ಪ್ರೂಸ್‌ನ ಎಳೆಯ ಉದ್ದಕ್ಕೆ ಸದ್ದು ಸೆಕೆಂಡಿಗೆ 5,000 ಮೀಟರ್‌ಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಗಾಳಿಯಲ್ಲಿ ಅದು ಸುಮಾರು 340 ಮೀಟರ್ ಮಾತ್ರ. ಸೀಡರ್, ಮಹಾಗನಿ ಮರಗಳನ್ನೂ ಮೇಲ್ಹಲಗೆಗೆ ಬಳಸುತ್ತಾರೆ. ಅವುಗಳ ದನಿ ಸ್ವಲ್ಪ ಮೆತ್ತಗೆ ಎನ್ನುವುದು ನುಡಿಸುವವರ ಅನುಭವ.

ಹಿಂಬದಿಗೆ ಮತ್ತು ಪಕ್ಕಗಳಿಗೆ ಬೀಟೆ, ಮಹಾಗನಿ, ಮೇಪಲ್, ವಾಲ್‌ನಟ್, ಸಪೇಲಿ. ಬೆರಳು ಓಡಾಡುವ ಫ್ರೆಟ್‌ಬೋರ್ಡಿಗೆ ಸವೆಯದ ಎಬೊನಿ, ಅಂದರೆ ಕರಿಮರದ ಜಾತಿ.

ದುಬಾರಿ ಗಿಟಾರ್‌ಗಳ ವಿವರದಲ್ಲಿ 'ಆಲ್ ಸಾಲಿಡ್' ಎಂಬ ಮಾತು ಕಾಣುತ್ತದೆ. ಪ್ಲೈವುಡ್‌ನಂತೆ ತೆಳು ಪದರ ಅಂಟಿಸಿದ್ದಲ್ಲ, ಇಡೀ ಹಲಗೆ ಮರದಿಂದಲೇ ಕೊಯ್ದದ್ದು ಎಂದು ಅರ್ಥ. ಮೇಲ್ಹಲಗೆಯ ವಿಷಯದಲ್ಲಿ ಈ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ.

ಹಿಂಬದಿಯ ಮರದ ಪಾಲು ಎಷ್ಟು?

ಗಿಟಾರ್ ಪ್ರಿಯರಲ್ಲಿ ಅತಿ ಹೆಚ್ಚು ವಾದ ನಡೆಯುವುದು ಇದರ ಮೇಲೆ. ಬೀಟೆಯದೇ ಕುಲದ, ಬ್ರೆಜಿಲ್‌ನ ರೋಸ್‌ವುಡ್‌ಗೆ ಸಾಟಿಯಿಲ್ಲ ಎಂಬ ನಂಬಿಕೆ ತಲೆಮಾರುಗಳಿಂದ ಇದೆ.

1862ರಲ್ಲೇ ಒಬ್ಬರು ಇದನ್ನು ಪರೀಕ್ಷಿಸಿದ್ದರು. ಸ್ಪೇನಿನ ಆಂಟೋನಿಯೋ ಡಿ ಟೊರೆಸ್, ಇವತ್ತಿನ ಕ್ಲಾಸಿಕಲ್ ಗಿಟಾರ್‌ಗೆ ರೂಪ ಕೊಟ್ಟವರು. ಅವರು ಒಂದು ಗಿಟಾರ್‌ನ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿದರು. ಮೇಲ್ಹಲಗೆ ಮಾತ್ರ ಸ್ಪ್ರೂಸ್. ದನಿಯ ಜೀವ ಮೇಲ್ಹಲಗೆಯಲ್ಲಿದೆ ಎಂದು ತೋರಿಸುವುದು ಅವರ ಉದ್ದೇಶ. ಆ ವಾದ್ಯ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಇದೆ.

2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಂದೇ ವಿನ್ಯಾಸದ ಆರು ಗಿಟಾರ್‌ಗಳು. ಹಿಂಬದಿಯ ಮರ ಮಾತ್ರ ಬೇರೆ ಬೇರೆ. ಬ್ರೆಜಿಲ್‌ನ ರೋಸ್‌ವುಡ್‌ನಿಂದ ಹಿಡಿದು ಅಗ್ಗದ ಸಪೇಲಿವರೆಗೆ. 52 ಗಿಟಾರ್ ವಾದಕರು ಯಾವುದು ಯಾವ ಮರ ಎಂದು ಕಾಣದ ಹಾಗೆ ನುಡಿಸಿ ಅಂಕ ಕೊಟ್ಟರು. ಅಂಕಗಳು ಹೆಚ್ಚುಕಡಿಮೆ ಒಂದೇ! ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಮರಕ್ಕೆ ಬೆಲೆಯೇ ಇಲ್ಲ ಎಂದು ಇದರರ್ಥ ಅಲ್ಲ. ಮರದ ಅಂದ, ಬಾಳಿಕೆ, ಬಾಗುವ ಗುಣ ಎಲ್ಲ ಬೇಕು. ಆದರೆ ಅಪರೂಪದ ಮರವೇ ಒಳ್ಳೆಯ ದನಿ ಎಂಬ ಲೆಕ್ಕ ನಿಲ್ಲುವುದಿಲ್ಲ. ಬ್ಯಾರಿಟೋನ್‌ನ ಆಳ ಬರುವುದು ತಂತಿಯ ಉದ್ದ, ತೂಕ, ಮೇಲ್ಹಲಗೆ ಮತ್ತು ಪೆಟ್ಟಿಗೆಯ ಗಾಳಿಯಿಂದ. ಹಾಗಿರುವಾಗ ಅಳಿವಿನಂಚಿನ ಮರವನ್ನು ಕಡಿಯಲು ದನಿಯ ಹೆಸರಿನಲ್ಲಿ ಕಾರಣ ಸಿಗುವುದಿಲ್ಲ.

ಕಾಡಿನ ಕಡೆಯ ಲೆಕ್ಕ

ಮೇಲ್ಹಲಗೆ ಒಂದೇ ತುಂಡಲ್ಲ. ಒಂದು ಹಲಗೆಯನ್ನು ನಡುವೆ ಸೀಳಿ, ಪುಸ್ತಕ ಬಿಡಿಸಿದ ಹಾಗೆ ಎರಡು ಪುಟ ಮಾಡಿ ಅಂಟಿಸುತ್ತಾರೆ. ಒಂದೊಂದು ಪುಟ ಸುಮಾರು 8 ಇಂಚು ಅಗಲ. ಅದನ್ನು ಕಾಂಡದ ನಡುವಿನಿಂದ ಹೊರಕ್ಕೆ, ಉಂಗುರಗಳು ನೆಟ್ಟಗೆ ನಿಲ್ಲುವಂತೆ ಕೊಯ್ಯಬೇಕು. ಗಂಟು ಇರಬಾರದು, ತಿರುಚು ಇರಬಾರದು. ಅಂಥ ಅಗಲ ಸಿಗುವುದು ತುಂಬ ದಪ್ಪಗಿನ, ಸಾಮಾನ್ಯವಾಗಿ ಇನ್ನೂರು ವರ್ಷ ದಾಟಿದ ಸ್ಪ್ರೂಸ್‌ನಲ್ಲಿ. ಬ್ಯಾರಿಟೋನ್‌ನ ಪೆಟ್ಟಿಗೆ ದೊಡ್ಡದಾದಷ್ಟೂ ಇನ್ನೂ ಅಗಲದ ಮರ ಬೇಕು. ಅದಕ್ಕೇ ಕೆಲವರು ಈಗ ನಾಲ್ಕು ತುಂಡು ಜೋಡಿಸಿದ ಮೇಲ್ಹಲಗೆ ಮಾಡುತ್ತಿದ್ದಾರೆ. ಕಿರಿಯ ಮರವೂ ಸಾಕಾಗುತ್ತದೆ.

ಉಷ್ಣವಲಯದ ಮರಗಳದ್ದು ಬೇರೆ ಕಥೆ. ಅಲ್ಲಿ ಕಾನೂನು ಬಂದಿದೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡುವ ಒಪ್ಪಂದಕ್ಕೆ ಸೈಟಿಸ್ ಎಂದು ಹೆಸರು. 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂತು. ಅದರ ಮೊದಲ ಪಟ್ಟಿಯಲ್ಲಿರುವುದಕ್ಕೆ ಗಡಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಎರಡನೇ ಪಟ್ಟಿಯಲ್ಲಿದ್ದರೆ ಪರವಾನಗಿ ತೋರಿಸಿ ದಾಟಬಹುದು.

ಬ್ರೆಜಿಲ್‌ನ ರೋಸ್‌ವುಡ್ 1992ರಲ್ಲಿ ಮೊದಲ ಪಟ್ಟಿಗೆ ಸೇರಿತು. ದೊಡ್ಡೆಲೆ ಮಹಾಗನಿ 2003ರಲ್ಲಿ ಎರಡನೆಯದಕ್ಕೆ. 2017ರ ಜನವರಿ 2ರಂದು ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಉಳಿದ ಎಲ್ಲ ಮರಗಳೂ ಎರಡನೇ ಪಟ್ಟಿಯೊಳಗೆ ಬಂದವು. ಈ ಮರಗಳನ್ನು ಖಾಲಿ ಮಾಡುತ್ತಿದ್ದದ್ದು ಮುಖ್ಯವಾಗಿ ಪೀಠೋಪಕರಣದ ಬೇಡಿಕೆ. ಆದರೆ ಗಿಟಾರ್‌ಗಳೂ ಸಿಕ್ಕಿಬಿದ್ದವು. ಗಡಿ ದಾಟಿಸಿ ಮಾರುವ ಒಂದೊಂದು ಗಿಟಾರ್‌ಗೂ ಕಾಗದ ಬೇಕಾಯಿತು. 2019ರ ನವೆಂಬರ್ 26ರಿಂದ ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ರೋಸ್‌ವುಡ್‌ಗೆ ಮಾತ್ರ ಆ ವಿನಾಯಿತಿ ಇಲ್ಲ.

ಅಮೆರಿಕದಲ್ಲಿ 1900ರ ಲೇಸಿ ಕಾಯ್ದೆಯನ್ನು 2008ರಲ್ಲಿ ತಿದ್ದಿ ಮರಗಳಿಗೂ ವಿಸ್ತರಿಸಿದರು. ಬೇರೆ ದೇಶದ ಕಾನೂನು ಮುರಿದು ತಂದ ಮರ ಅಲ್ಲಿಯೂ ಅಕ್ರಮವಾಯಿತು. ಮಡಗಾಸ್ಕರ್‌ನ ಎಬೊನಿ ಕುರಿತು ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿಯ ಮೇಲೆ ನಡೆದ ತನಿಖೆ 2012ರಲ್ಲಿ 3 ಲಕ್ಷ ಡಾಲರ್ ದಂಡದ ಒಪ್ಪಂದದೊಂದಿಗೆ ಮುಗಿಯಿತು.

ಹತ್ತು ಮರಕ್ಕೆ ಒಂದು

ಎಬೊನಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫ್ರೆಟ್‌ಬೋರ್ಡ್ ಎಂದರೆ ಮಸಿಯ ಹಾಗೆ ಕಪ್ಪಗಿರಬೇಕು ಎಂದು ಎಲ್ಲರೂ ಕೇಳುತ್ತಿದ್ದರು. ಆದರೆ ಮರ ನಿಂತಿರುವಾಗ ಒಳಗಿನ ಚೇಗು ಯಾವ ಬಣ್ಣ ಎಂದು ಗೊತ್ತಾಗುವುದಿಲ್ಲ. ಕಡಿದ ಮೇಲೇ ತಿಳಿಯುವುದು. ಹೆಚ್ಚಿನವುಗಳಲ್ಲಿ ಕಂದು, ಕೆನೆ ಬಣ್ಣದ ಗೆರೆಗಳಿರುತ್ತವೆ.

2011ರಲ್ಲಿ ಟೇಲರ್ ಕಂಪನಿ ಮತ್ತು ಮರದ ವ್ಯಾಪಾರ ಮಾಡುವ ಸ್ಪೇನಿನ ಮ್ಯಾಡಿಂಟರ್ ಕಂಪನಿ ಸೇರಿ ಕ್ಯಾಮರೂನ್‌ನ ಯಾವುಂಡೆಯಲ್ಲಿ ಒಂದು ಎಬೊನಿ ಮಿಲ್ ಕೊಂಡವು. ಅಲ್ಲಿ ಟೇಲರ್ ಕಂಪನಿಯ ಸಹಸ್ಥಾಪಕ ಬಾಬ್ ಟೇಲರ್‌ಗೆ ಗೊತ್ತಾದದ್ದು ಇದು: ಪೂರ್ತಿ ಕಪ್ಪಗಿನ ಒಂದು ಮರ ಸಿಗಲು ಸುಮಾರು ಹತ್ತು ಮರ ಕಡಿಯುತ್ತಿದ್ದರು. ಗೆರೆ ಇರುವ ಮರಕ್ಕೆ ಬೆಲೆ ಇಲ್ಲ ಎಂದು ಉಳಿದವನ್ನು ಕಾಡಿನಲ್ಲೇ ಬಿಟ್ಟುಬರುತ್ತಿದ್ದರು. ದಶಕಗಟ್ಟಲೆ ಬೆಳೆದ ಮರ, ಬರೀ ಬಣ್ಣದ ಕಾರಣಕ್ಕೆ ನೆಲದ ಮೇಲೆ ಕೊಳೆಯುತ್ತಿತ್ತು. ನೆನೆದರೆ ಸಂಕಟವಾಗುತ್ತದೆ.

ಗೆರೆಗೂ ದನಿಗೂ ಯಾವ ಸಂಬಂಧವೂ ಇಲ್ಲ. ಅಲ್ಲಿಂದ ಮುಂದೆ ಆ ಕಂಪನಿ ಗೆರೆಯಿರುವ ಎಬೊನಿಯನ್ನೂ ಅದೇ ಬೆಲೆಗೆ ಕೊಂಡು, ತನ್ನ ದುಬಾರಿ ಮಾದರಿಗಳಿಗೂ ಬಳಸತೊಡಗಿತು. ಈಗ ಫ್ರೆಟ್‌ಬೋರ್ಡಿನಲ್ಲಿ ಕಂದು ಗೆರೆ ಕಂಡರೆ ಅದು ದೋಷ ಅಲ್ಲ. 2016ರಿಂದ ಕಾಂಗೋ ಬೇಸಿನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಎಬೊನಿ ಸಸಿ ಬೆಳೆಸುವ ಯೋಜನೆ ನಡೆಯುತ್ತಿದೆ. ಊರಿನವರೇ ಸಸಿ ಮಾಡಿ ನೆಡುತ್ತಾರೆ, ಜೊತೆಗೆ ಹಣ್ಣಿನ ಗಿಡಗಳನ್ನೂ. ಎಬೊನಿ ಬಲಿಯಲು ಅವರ ಮೊಮ್ಮಕ್ಕಳ ಕಾಲ ಬರಬೇಕು, ಹಣ್ಣಾದರೆ ಬೇಗ ಸಿಗುತ್ತದೆ.

ಈ ಕೆಲಸದ ನಡುವೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಎಬೊನಿ ಹಣ್ಣನ್ನು ತಿಂದು ಬೀಜವನ್ನು ದೂರ ಸಾಗಿಸುವುದು ಕಾಡಾನೆ. ಆನೆ ಇಲ್ಲದ ಕಾಡಿನಲ್ಲಿ ಎಬೊನಿಯ ಎಳೆ ಗಿಡಗಳು ಕಡಿಮೆ.

ರಸ್ತೆ ಬದಿಯ ಮರ

ಕಾಡಿಗೇ ಹೋಗಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದ ಊರುಗಳಲ್ಲಿ ನೆರಳಿಗೆಂದು ನೆಟ್ಟ ಶಾಮೆಲ್ ಆಶ್ ಮರಗಳು ವಯಸ್ಸಾಗಿ ಕಡಿಯಬೇಕಾದಾಗ, ಆ ದಿಮ್ಮಿಗಳಿಂದ ಗಿಟಾರ್ ಮಾಡುವ ಕೆಲಸ 2020ರಲ್ಲಿ ಶುರುವಾಯಿತು. ಆಸ್ಟ್ರೇಲಿಯಾದ ತಯಾರಕರು ತಮ್ಮಲ್ಲೇ ಬೆಳೆಯುವ ಬ್ಲ್ಯಾಕ್‌ವುಡ್, ಬುನ್ಯಾ ಬಳಸುತ್ತಾರೆ. ಫಿಜಿಯಲ್ಲಿ ಹಿಂದೆ ನೆಟ್ಟು ಬೆಳೆಸಿದ ಮಹಾಗನಿಯೂ ಗಿಟಾರ್‌ಗೆ ಬರುತ್ತದೆ.

ಕೊಳ್ಳುವ ಮೊದಲು

'ಸುಸ್ಥಿರ' ಎಂಬ ಪದವನ್ನು ಯಾರು ಬೇಕಾದರೂ ಬರೆಯಬಹುದು. ಹಾಗಾಗಿ ಸುಮ್ನೆ ನಂಬದೆ ಕೇಳಬೇಕು. ಮರದ ಪೂರ್ತಿ ಹೆಸರೇನು? ಬರೀ 'ರೋಸ್‌ವುಡ್' ಎಂದರೆ ಸಾಲದು, ಆ ಹೆಸರಿನಲ್ಲಿ ಹತ್ತಾರು ಮರಗಳಿವೆ. ಯಾವ ದೇಶದ್ದು? ನೆಟ್ಟು ಬೆಳೆಸಿದ್ದಾ, ಕಾಡಿನದಾ, ಮರುಬಳಕೆಯದಾ? ಎಫ್ಎಸ್‌ಸಿ ಗುರುತು ಇದೆಯಾ? ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡಿದ್ದಾರೆ ಎಂದು ಪ್ರಮಾಣೀಕರಿಸುವ, 1993ರಲ್ಲಿ ಶುರುವಾದ ಈ ಸಂಸ್ಥೆಯ ಗುರುತಿನಲ್ಲೂ ಮೂರು ಬಗೆ: ಪೂರ್ತಿ ಪ್ರಮಾಣಿತ ಕಾಡಿನದು, ಮಿಶ್ರಿತ, ಮರುಬಳಕೆ. ಅದು ಇಡೀ ಗಿಟಾರ್‌ಗೋ ಒಂದು ಭಾಗಕ್ಕೋ ಎಂದೂ ನೋಡಿಕೊಳ್ಳಿ.

ಉತ್ತರ ಸರಿ ಎನಿಸಿದರೆ ವಾದ್ಯ ಕೈಗೆ ತೆಗೆದುಕೊಳ್ಳಿ. ದಪ್ಪ ತಂತಿಯನ್ನು ಒಂದೇ ಸಲ ಮೀಟಿ, ಪೂರ್ತಿ ಆರುವವರೆಗೆ ಕೇಳಿ. ಬರೀ ಗುಂಯ್‌ಗುಡುತ್ತಿದೆಯಾ ಅಥವಾ ಸ್ವರ ತಿಳಿಯಾಗಿ ಕೇಳಿಸುತ್ತಿದೆಯಾ ಎಂಬುದು ಗೊತ್ತಾಗುತ್ತದೆ. ಆಮೇಲೆ ಇನ್ನೊಬ್ಬರ ಕೈಗೆ ಕೊಟ್ಟು, ನಾಲ್ಕು ಹೆಜ್ಜೆ ದೂರ ನಿಂತು ಅದೇ ತಂತಿ ಮೀಟಿಸಿ, ಕಣ್ಣು ಮುಚ್ಚಿ ಕೇಳಿ.